ಸಿಂಗಾಪುರದ ರಾಹುಕಾಲ

ಮೊನ್ನೆ ಶುಕ್ರವಾರ ಒನ್-ನಾರ್ತ್ ಸ್ಟೇಷನ್ನಿನ ಎಸ್ಕಲೇಟರ್ ಹತ್ತಿ ಮೇಲೆ ಬಂದರೆ ಮೂಗಿಗೆ ಅದೇ ವಾಸನೆ ಬಡಿಯಿತು. ಹಸಿ ಸೌದೆಗೆ ಬೆಂಕಿ ಹಚ್ಚಿ, ಅರ್ಧ ಉರಿದ ಮೇಲೆ ಯಾರೋ ನೀರು ಚೆಲ್ಲಿದ ಹಾಗೆ. ಎದುರಿನ ಗಾಜಿನ ಕಟ್ಟಡಗಳ ಮೇಲಿನ ಅರ್ಧ ಕಾಣೆಯಾಗಿತ್ತು. ಸಮುದ್ರದಾಚೆ ಸುಮಾತ್ರಾದಲ್ಲಿ ಕಾಡು, ತೋಟ ಸುಟ್ಟಾಗ ಗಾಳಿ ಹೊತ್ತು ತರುವ ಹೊಗೆ ಇದು. ಇಲ್ಲಿಯವರು ಹೇಜ್ ಅನ್ನುತ್ತಾರೆ. ಜನ ಮಾಸ್ಕ್ ಹುಡುಕುತ್ತ ಕೆಮ್ಮುತ್ತಿದ್ದರು. ನಾನು ನನ್ನ ಮೊದಲ ಕೆಲಸದ ಕಾಗದಕ್ಕೆ ಸೈನ್ ಮಾಡಲು ಹೊರಟಿದ್ದೆ, ಹನ್ನೊಂದೂವರೆಗೆ ಬರಹೇಳಿದ್ದರು. ಖುಷಿಯಾಗಿರಬೇಕಾದ ಹೊತ್ತು. ಆ ವಾಸನೆಗೆ ಬಂದದ್ದು ಸಿಟ್ಟು. ನಾಲ್ಕು ವರ್ಷದ ಹಳೆಯ ಸಿಟ್ಟು, ಒಂಚೂರೂ ಹಳಸಿಲ್ಲ.

2015ರಲ್ಲಿ ನನಗೆ ಹದಿನೆಂಟು. ಜೂನಿಯರ್ ಕಾಲೇಜಿನ ಕೊನೆಯ ವರ್ಷ, ನವೆಂಬರಿಗೆ ಎ ಲೆವೆಲ್, ಊರಿನ ಪಿಯುಸಿಯಂಥ ಪರೀಕ್ಷೆ. ಕಾಲೇಜಿನ ಡಿಬೇಟ್ ತಂಡದಲ್ಲಿ ಎದುರಾಳಿಯ ವಾದವನ್ನು ಒಡೆಯುವ ಕೆಲಸ ನನ್ನದು. ವುಡ್‌ಲ್ಯಾಂಡ್ಸ್‌ನಲ್ಲಿ ಹನ್ನೊಂದನೇ ಮಹಡಿಯ ಬಾಡಿಗೆ ಮನೆ. ಅಡುಗೆಮನೆ ಕಿಟಕಿಯಿಂದ ಬೇರೆ ದಿನಗಳಲ್ಲಿ ನೀರಿನಾಚೆ ಮಲೇಷ್ಯಾ ಕಾಣುತ್ತಿತ್ತು. ಆ ಸೆಪ್ಟೆಂಬರಿನಲ್ಲಿ ಎದುರು ಬ್ಲಾಕಿನಲ್ಲಿ ಒಣಹಾಕಿದ ಬಟ್ಟೆ ಕೂಡ ಕಾಣುತ್ತಿರಲಿಲ್ಲ.

ಅದೇ ತಿಂಗಳು ಅಪ್ಪನ ಕಂಪನಿ ಅವನ ಇಡೀ ಟೀಮನ್ನು ಮುಚ್ಚಿತು. ಇಲ್ಲಿರಲು ಸರ್ಕಾರ ಕೊಡುವ ವರ್ಕ್ ಪಾಸ್ ಅಪ್ಪನ ಕೆಲಸಕ್ಕೆ ಅಂಟಿಕೊಂಡಿತ್ತು, ಅಮ್ಮನ ಪಾಸ್, ನನ್ನ ಪಾಸ್ ಅಪ್ಪನ ಪಾಸಿಗೆ ಅಂಟಿಕೊಂಡಿದ್ದವು. ಒಂದನ್ನು ಕಿತ್ತರೆ ಮೂರೂ ಕಿತ್ತು ಬರುತ್ತವೆ. ಇಲ್ಲೇ ಕಾಯಂ ಆಗಿ ನೆಲೆಸಲು ಬಿಡುವ ಪಿಆರ್‌ಗೆ ಎರಡು ಸಲ ಅರ್ಜಿ ಹಾಕಿ ಎರಡು ಸಲವೂ ಇಲ್ಲ ಅನ್ನಿಸಿಕೊಂಡಿದ್ದೆವು. ನಾಲ್ಕು ವರ್ಷದ ಮಗುವಾಗಿ ನಾನು ಬಂದಿಳಿದ ಊರು, ನನಗೆ ನೆನಪಿರುವ ಒಂದೇ ಊರು, ನಮಗೆ ಕೊಟ್ಟದ್ದು ಮೂವತ್ತು ದಿನ. ಅಷ್ಟರಲ್ಲಿ ಇನ್ನೊಂದು ಕೆಲಸ, ಇಲ್ಲವಾದರೆ ಗಂಟುಮೂಟೆ.

ಫೋನುಗಳು ಶುರುವಾದವು. ಪ್ರತಿಯೊಬ್ಬರ ಬಾಯಲ್ಲೂ ಒಂದೇ ಮಾತು: ದೇವರ ಟೈಮಿಂಗ್ ಬೇರೆ, ನಂಬಿಕೆ ಇಡಿ. ಎಲ್ಲರಿಗಿಂತ ಹೆಚ್ಚು ಹೇಳಿದವರು ಶ್ರೀಧರ್ ಅಂಕಲ್. ಬೆಡೋಕ್‌ನಲ್ಲಿ ಅವರ ಮನೆ, ಶನಿವಾರ ಸಂಜೆ ಅಲ್ಲಿ ಭಜನೆ, ನಾವೆಲ್ಲ ಹೋಗುತ್ತಿದ್ದೆವು. ದಿನಾ ಬೆಳಿಗ್ಗೆ ಅವರಿಂದ ವಾಟ್ಸಾಪ್‌ನಲ್ಲಿ ಒಂದು ಸೂರ್ಯೋದಯದ ಚಿತ್ರ ಬರುತ್ತಿತ್ತು, ಕೆಳಗೆ ಒಂದು ಸಾಲು: ದೇವರ ಗಡಿಯಾರ ಎಂದೂ ತಡವಾಗುವುದಿಲ್ಲ. ಹೊಗೆಯಲ್ಲಿ ನಿಜವಾದ ಸೂರ್ಯ ಹತ್ತು ಗಂಟೆಗೆ ಕೆಂಪು ಗುಳಿಗೆಯ ಹಾಗೆ ಕಾಣುತ್ತಿದ್ದ ದಿನಗಳಲ್ಲಿ.

ಈ ಮಾತಿನ ಮೇಲೆ ನನಗೇಕೆ ಇಷ್ಟು ಕೋಪ ಎಂದು ಹೇಳಿಬಿಡುತ್ತೇನೆ. ಇದು ಸೋಲಲಾರದ ವಾದ. ಕೆಲಸ ಸಿಕ್ಕರೆ ದೇವರು ಸರಿಯಾದ ಹೊತ್ತಿಗೆ ಕೊಟ್ಟ. ಸಿಗದಿದ್ದರೆ ಹೊತ್ತು ಬಂದಿಲ್ಲ. ಸತ್ತೇ ಹೋದರೆ ಅವನ ಹೊತ್ತು ಬಂತು. ಯಾವ ಉತ್ತರ ಬಂದರೂ ತಾನೇ ಸರಿ ಎನ್ನುವ ವಾದವನ್ನು ನಮ್ಮ ಡಿಬೇಟಿನಲ್ಲಿ ಯಾರಾದರೂ ತಂದರೆ ಜಡ್ಜ್‌ಗಳು ಪೆನ್ನು ಕೆಳಗಿಡುತ್ತಾರೆ. ಅದೂ ಇರಲಿ. ಇದನ್ನು ನಮಗೆ ಹೇಳುತ್ತಿದ್ದವರೆಲ್ಲ ಯಾರು? ಶ್ರೀಧರ್ ಅಂಕಲ್‌ಗೆ ಪಿಆರ್ ಬಂದು ಹನ್ನೆರಡು ವರ್ಷ. ಪಿಆರ್ ಇದ್ದವರಿಗೆ ದೇವರ ಟೈಮು. ನಮಗೆ ಮೂವತ್ತು ದಿನ.

ಎರಡು ವಾರ ಕಳೆದ ಮೇಲೆ, ಒಂದು ಗುರುವಾರ, ಕೆಲಸ ಸಿಕ್ಕಿತು. ಚಿಕ್ಕ ಕಂಪನಿ. ಮೊದಲಿದ್ದ ಹುದ್ದೆಗಿಂತ ಎರಡು ಮೆಟ್ಟಿಲು ಕೆಳಗೆ, ಅಪ್ಪನಿಗಿಂತ ಹದಿನೈದು ವರ್ಷ ಚಿಕ್ಕವನ ಕೈಕೆಳಗೆ. ಆದರೂ ಕೆಲಸ. ಸೋಮವಾರ ಸಂಜೆಯೊಳಗೆ ಸೈನ್ ಮಾಡಿ ಕಳಿಸಿದರೆ ಹೊಸ ಪಾಸಿಗೆ ತಕ್ಷಣ ಅರ್ಜಿ ಹಾಕುತ್ತೇವೆ ಎಂದು ಬರೆದಿದ್ದರು. ಅಮ್ಮ ಇಮೇಲ್ ಓದಿ ಅಡುಗೆಮನೆಯ ನೆಲದ ಮೇಲೆ ಹಾಗೇ ಕೂತುಬಿಟ್ಟಳು. ನಾನು ನನ್ನ ರಿವಿಷನ್ ಟೈಮ್‌ಟೇಬಲ್ ಮತ್ತೆ ಗೋಡೆಗೆ ಅಂಟಿಸಿದೆ.

ಅಪ್ಪ ಎದ್ದು ಹೋಗಿ ಕ್ಯಾಲೆಂಡರ್ ನೋಡಿದ.

ಮೈಸೂರಿನಿಂದ ಬರುವವರ ಕೈಲಿ ವರ್ಷಾ ವರ್ಷಾ ತರಿಸುವ, ತಿಥಿ ನಕ್ಷತ್ರ ರಾಹುಕಾಲ ಎಲ್ಲ ಅಚ್ಚಾದ ಕ್ಯಾಲೆಂಡರ್ ಅದು. ಪಿತೃಪಕ್ಷ ಆ ವಾರವೇ ಶುರುವಾಗಿತ್ತು. ತೀರಿಕೊಂಡ ಹಿರಿಯರಿಗೆ ಮೀಸಲಾದ ಹದಿನೈದು ದಿನ, ಹೊಸದೇನನ್ನೂ ಶುರು ಮಾಡುವುದಿಲ್ಲ. "ಪಕ್ಷ ಕಳೀಲಿ," ಅಂದ ಅಪ್ಪ. "ನವರಾತ್ರಿ ಪಾಡ್ಯದ ದಿನ ಮಾಡೋಣ. ಅವರಿಗೆ ಒಂದು ಮೇಲ್ ಹಾಕ್ತೀನಿ. ದೇವರು ಇಷ್ಟು ಕೊಟ್ಟೋನು ಹತ್ತು ದಿನ ಅವರನ್ನ ಕಾಯ್ಸಲ್ವಾ."

ಅಪ್ಪನ ಈ ನಂಬಿಕೆಗೆ ಒಂದು ಪುರಾವೆ ಇತ್ತು, ನಮ್ಮ ಮನೆಯ ಪುರಾಣ ಎಂದರೂ ನಡೆಯುತ್ತದೆ. ಮೊದಲ ಸಲ ಸಿಂಗಾಪುರಕ್ಕೆ ಬಂದು ಕೆಲಸದ ಕಾಗದಕ್ಕೆ ಸೈನ್ ಮಾಡಬೇಕಾದ ದಿನ ಶುಕ್ರವಾರ. ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ಕರೆದದ್ದು ಹನ್ನೊಂದಕ್ಕೆ. ಅಪ್ಪ ಕೆಳಗಿನ ಲಾಬಿಯಲ್ಲಿ ಹೊಟ್ಟೆನೋವಿನ ನೆಪ ಹೇಳಿ ಕೂತ, ಹನ್ನೆರಡು ಹೊಡೆದು ಇನ್ನೂ ಕಾಲು ಗಂಟೆ ಇರಲಿ ಎಂದು ಕಾದು, ಸರಿಯಾಗಿ ಹನ್ನೆರಡೂಕಾಲಿಗೆ ಸೈನ್ ಹಾಕಿದ. ಹದಿನಾಲ್ಕು ವರ್ಷ ಆ ಸೈನು ನಮ್ಮನ್ನು ಕಾಪಾಡಿತು. ಪ್ರತಿ ಹುಟ್ಟುಹಬ್ಬಕ್ಕೆ, ಪ್ರತಿ ನೆಂಟರ ಮುಂದೆ ಈ ಕಥೆ ಕೇಳಿದ್ದೇನೆ.

ಎರಡು ದಿನ ಊಟದ ಮೇಜಿನಲ್ಲಿ ನಾನು ವಾದಿಸಿದೆ. ತಾತ ಇದ್ದಿದ್ದರೆ ಮೊಮ್ಮಗಳ ಪರೀಕ್ಷೆಗಿಂತ ಪಿಂಡ ಮುಖ್ಯ ಅನ್ನುತ್ತಿದ್ದನಾ ಎಂದೆ. ಅಪ್ಪ ಅನ್ನ ಕಲಸುತ್ತಲೇ ಇದ್ದ. ಅಮ್ಮ ಅವನಿಗೆ ಸಾರು ಬಡಿಸಿದಳು. ಅದನ್ನು ನೋಡಿ ನನಗೆ ಇನ್ನೂ ರೇಗಿತು, ಅವಳೂ ಆ ಕಡೆಯೇ ಎಂದುಕೊಂಡೆ.

ಶನಿವಾರ ಸಂಜೆ ಬೆಡೋಕ್. ಹೊಗೆ ಒಳಗೆ ಬರದಿರಲಿ ಎಂದು ಕಿಟಕಿಯೆಲ್ಲ ಮುಚ್ಚಿದ್ದರು, ಒಳಗೆ ಊದುಬತ್ತಿ ಹಚ್ಚಿದ್ದರು. ಹದಿನೈದು ಜನ ಹಾಲಿನಲ್ಲಿ ಕೂತು ತಾಳ ಹಾಕುತ್ತ ಕಣ್ಣು ಉಜ್ಜಿಕೊಳ್ಳುತ್ತಿದ್ದೆವು. ಮಂಗಳಾರತಿ ಆಗಿ, ಕೈಗೆ ಪುಳಿಯೋಗರೆ ತಟ್ಟೆ ಬಂದಾಗ ಶ್ರೀಧರ್ ಅಂಕಲ್ ಅಪ್ಪನ ಹೆಗಲ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದರು, ನೋಡಿ, ಕೆಲಸ ಸಿಕ್ಕೂ ಅವಸರ ಮಾಡದೆ ಪಕ್ಷ ಕಳೆಯಲಿ ಅಂತ ಕಾಯ್ತಿದ್ದಾರೆ, ಶ್ರದ್ಧೆ ಅಂದ್ರೆ ಇದು. ಅಪ್ಪ ಲಾಬಿಯ ಕಥೆ ಮತ್ತೊಮ್ಮೆ ಹೇಳಿದ. ಹನ್ನೆರಡೂಕಾಲು ಎಂದಾಗ ಯಾರೋ ಆಂಟಿ ಕೈಮುಗಿದರು.

ನಮ್ಮ ಕೋಚ್ ಎರಡು ವರ್ಷ ನನಗೆ ಕಲಿಸಿದ್ದು ಒಂದೇ. ಎದುರು ನಿಂತವನನ್ನು ಒಪ್ಪಿಸಲು ಹೋಗಬೇಡ, ಅವನು ಒಪ್ಪುವುದಿಲ್ಲ. ನೋಡುತ್ತ ಕೂತವರನ್ನು ಒಪ್ಪಿಸು. ಅಲ್ಲಿ ನೋಡುತ್ತ ಕೂತವರು ಹದಿನೈದು ಜನ ಇದ್ದರು.

"ಅಪ್ಪಾ, ಆ ಕ್ಯಾಲೆಂಡರ್ ಎಲ್ಲಿ ಪ್ರಿಂಟ್ ಆಗಿದ್ದು?" ಅಂದೆ.

"ಮೈಸೂರಲ್ಲಿ."

"ರಾಹುಕಾಲ ಹೇಗೆ ಲೆಕ್ಕ ಹಾಕ್ತಾರೆ? ಸೂರ್ಯೋದಯದಿಂದ ತಾನೇ? ಅಲ್ಲಿ ಆರಕ್ಕೆ ಸೂರ್ಯ ಹುಟ್ಟಿದ್ರೆ ಶುಕ್ರವಾರ ಹತ್ತೂವರೆಗೆ ರಾಹುಕಾಲ. ಸಿಂಗಾಪುರದಲ್ಲಿ ಸೂರ್ಯ ಹುಟ್ಟೋದು ಏಳರ ಹತ್ರ. ಅಂದ್ರೆ ಇಲ್ಲಿ ರಾಹುಕಾಲ ಹನ್ನೊಂದೂ ಇಪ್ಪತ್ತಕ್ಕೆ ಶುರುವಾಗಿ ಒಂದು ಗಂಟೆ ಹತ್ರ ಮುಗಿಯತ್ತೆ. ನೀನು ಹನ್ನೆರಡೂಕಾಲಿಗೆ ಸೈನ್ ಮಾಡಿದ್ಯಲ್ಲಾ, ಅದು ರಾಹುಕಾಲದ ನಟ್ಟನಡುವೆ."

ಯಾರೂ ತಿನ್ನಲಿಲ್ಲ. ನಾನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹದಿನಾಲ್ಕು ವರ್ಷದ ಒಳ್ಳೆಯ ಬಾಳು ರಾಹುಕಾಲದಲ್ಲೇ ಶುರುವಾಗಿದೆ ಎಂದ ಮೇಲೆ ರಾಹುವಿಗೂ ನಮಗೂ ಸಂಬಂಧ ಇಲ್ಲ ಎಂದಾಯಿತಲ್ಲ, ಸೋಮವಾರ ಸೈನ್ ಮಾಡಲು ಏನಡ್ಡಿ ಎಂದೆ. ಇಲ್ಲಿ ಇಪ್ಪತ್ತು ವರ್ಷದಿಂದ ಇರುವ ನೀವೆಲ್ಲ ಊರಿನ ಕ್ಯಾಲೆಂಡರ್ ಹಿಡಿದುಕೊಂಡು ತಪ್ಪು ಹೊತ್ತಿಗೆ ಹೆದರಿದ್ದೀರಿ, ನಿಜವಾದ ರಾಹುಕಾಲದಲ್ಲಿ ಮನೆ ಕೊಂಡಿದ್ದೀರಿ, ಮದುವೆ ಮಾತಾಡಿದ್ದೀರಿ, ಯಾರಿಗೂ ಏನೂ ಆಗಿಲ್ಲ ಎಂದೆ. ಒಬ್ಬ ಅಂಕಲ್ ಫೋನ್ ತೆಗೆದು ಸೂರ್ಯೋದಯದ ಹೊತ್ತು ನೋಡಿ, "ಕರೆಕ್ಟಾಗೇ ಹೇಳ್ತಿದ್ದಾಳೆ ಕಣ್ರೀ," ಅಂದರು. ಒಂದಿಬ್ಬರು ನಕ್ಕರು. ಗೆದ್ದೆ ಅನ್ನಿಸಿತು. ಗೆದ್ದಾಗ ಕಿವಿ ಬಿಸಿಯಾಗುತ್ತದೆ, ಆಯಿತು.

ಅಪ್ಪ ನನ್ನನ್ನೇ ನೋಡುತ್ತಿದ್ದ. ಮುಖದಲ್ಲಿ ಕೋಪ ಇರಲಿಲ್ಲ. ಏನೋ ಕಳೆದುಹೋದದ್ದು ಈಗ ಸಿಕ್ಕಿತು ಎನ್ನುವ ಹಾಗಿತ್ತು.

"ಹಾಗಾದ್ರೆ ಅದಕ್ಕೇ ಹೀಗಾಗಿದ್ದು," ಅಂದ, ತುಂಬ ಮೆಲ್ಲಗೆ. "ಶುರು ಮಾಡಿದ್ದೇ ತಪ್ಪು ಹೊತ್ತಲ್ಲಿ. ಪಿಆರ್ ಎರಡು ಸಲ ಹೋಗಿದ್ದೂ ಅದಕ್ಕೇ."

ನಾನು ಕೊಟ್ಟ ಸಾಕ್ಷಿಯನ್ನೇ ತೆಗೆದುಕೊಂಡು ಎದುರಾಳಿ ಗೆಲ್ಲುವುದನ್ನು ಡಿಬೇಟಿನಲ್ಲಿ ಕಂಡಿದ್ದೆ, ಅಪ್ಪನಿಂದ ನಿರೀಕ್ಷಿಸಿರಲಿಲ್ಲ. ವಾಪಸು ಬರುವ ಎಂಆರ್‌ಟಿ ರೈಲಿನಲ್ಲಿ ಮೂವರೂ ಮಾಸ್ಕ್ ಹಾಕಿಕೊಂಡು ಬೇರೆ ಬೇರೆ ಸೀಟಿನಲ್ಲಿ ಕೂತಿದ್ದೆವು.

ಭಾನುವಾರ ಬೆಳಿಗ್ಗೆ ಅಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದಳು. ತಲೆ ಎತ್ತದೆ ಹೇಳಿದಳು. ಶುಕ್ರವಾರವೇ ಮೈಸೂರಿನ ಪುರೋಹಿತರಿಗೆ ಫೋನ್ ಮಾಡಿದ್ದಳಂತೆ. ಹೊಟ್ಟೆಪಾಡಿನ ಕೆಲಸಕ್ಕೆ ಪಕ್ಷದ ದೋಷ ಇಲ್ಲ, ಮನೆಯಲ್ಲಿ ಒಂದು ತುಪ್ಪದ ದೀಪ ಹಚ್ಚಿ ಧಾರಾಳವಾಗಿ ಸೈನ್ ಮಾಡಲಿ ಎಂದಿದ್ದರಂತೆ ಅವರು. ಭಜನೆ ಮುಗಿಸಿ ಬಂದು, ಅಪ್ಪನ ಮನಸ್ಸು ಹಗುರವಾಗಿರುವಾಗ, ಇದನ್ನು ತಾನೇ ಕೇಳಿದ್ದೆಂದು ಗೊತ್ತಾಗದ ಹಾಗೆ ಹೇಳುವವಳಿದ್ದಳು.

"ನಿಮ್ಮಪ್ಪಂಗೆ ಒಂದು ಬಾಗಿಲು ಬೇಕಿತ್ತು ಕಣೇ, ಹೊರಗೆ ಬರಕ್ಕೆ. ನಾನು ತೆಗೆದಿಟ್ಟಿದ್ದೆ. ನೀನು ಹದಿನೈದು ಜನರ ಮುಂದೆ ಗೋಡೆ ಕಟ್ಟಿದೆ."

"ಈಗ ಹೇಳು ಮತ್ತೆ."

"ಬೆಳಿಗ್ಗೆ ಹೇಳ್ದೆ. ಏನಂದ್ರು ಗೊತ್ತಾ? ಪುರೋಹಿತರಿಗೆ ಸಿಂಗಾಪುರದ ಸೂರ್ಯೋದಯ ಗೊತ್ತಾ ಅಂದ್ರು."

ಅದು ನನ್ನ ವಾದ. ನನ್ನ ಬಾಯಿಂದ ಬಂದದ್ದು.

ಸೋಮವಾರ ಬಂತು, ಹೋಯಿತು. ಕಂಪನಿಗೆ ಅಪ್ಪ ಇಮೇಲ್ ಬರೆದ, ಕುಟುಂಬದ ಧಾರ್ಮಿಕ ಕಾರಣಕ್ಕೆ ಎಂಟು ದಿನ ಕಾಲಾವಕಾಶ ಕೊಡಿ ಎಂದು. ಉತ್ತರ ಬರಲಿಲ್ಲ. ಮೌನಂ ಸಮ್ಮತಿ ಎಂದ ಅಪ್ಪ. ಈ ಊರಿನ ಆಫೀಸುಗಳಲ್ಲಿ ಮೌನ ಎಂದರೆ ಇಲ್ಲ ಎಂದೇ ಅರ್ಥ. ಹದಿನಾಲ್ಕು ವರ್ಷ ದುಡಿದವನಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಇವತ್ತು ನನಗನ್ನಿಸುತ್ತದೆ, ಹದಿನೈದು ವರ್ಷ ಚಿಕ್ಕವನ ಮುಂದೆ ಕೈಕಟ್ಟಿ ನಿಲ್ಲುವ ಅವಮಾನದಿಂದ ಹತ್ತು ದಿನ ಅಡಗಿಕೊಳ್ಳಲು ಅವನಿಗೆ ಒಂದು ಜಾಗ ಬೇಕಿತ್ತು. ಆ ಜಾಗಕ್ಕೆ ನಾವು ದೇವರ ಸಮಯ ಎಂದು ಹೆಸರಿಟ್ಟಿದ್ದೇವೆ. ಅಲ್ಲಿ ಯಾರೂ ಹೋಗಿ ಯಾರನ್ನೂ ಎಬ್ಬಿಸುವ ಹಾಗಿಲ್ಲ.

ಆ ವಾರ ಅಪ್ಪ ನನ್ನ ರೂಮಿನ ಬಾಗಿಲಲ್ಲಿ ನಿಂತು, ಪುಟ್ಟಿ, ಪಾಡ್ಯದ ದಿನದ್ದು ನೀನೇ ಸರಿಯಾಗಿ ಲೆಕ್ಕ ಹಾಕಿ ಕೊಡು ಎಂದ. ವ್ಯಂಗ್ಯ ಮಾಡುತ್ತಿದ್ದಾನೇನೋ ಎಂದು ನೋಡಿದೆ. ಇಲ್ಲ, ನಿಜವಾಗಿ ಕೇಳುತ್ತಿದ್ದ. ಆಗಲಿ ಎಂದೆ. ಅಷ್ಟು ಸಿಟ್ಟಿತ್ತು. ಗಣಿತದ ನೋಟ್‌ಬುಕ್ಕಿನ ಹಾಳೆ ಹರಿದು ಸೂರ್ಯೋದಯ, ರಾಹುಕಾಲ, ಯಮಗಂಡಕಾಲ ಎಲ್ಲವನ್ನೂ ನಿಮಿಷ ನಿಮಿಷ ಬಿಡಿಸಿ ಬರೆದು ಕೊಟ್ಟೆ. ಮೈಸೂರಿನ ಕ್ಯಾಲೆಂಡರಿನಲ್ಲಿ ಮಂಗಳವಾರ ಒಂಬತ್ತಕ್ಕೇ ಯಮಗಂಡ. ನನ್ನ ಲೆಕ್ಕದಲ್ಲಿ ಒಂಬತ್ತೂ ಮುಕ್ಕಾಲಿನವರೆಗೆ ನಿರಾತಂಕ. ಅಪ್ಪ ಅದನ್ನು ಎರಡು ಸಲ ಓದಿ, ಮಡಚಿ, ಜೇಬಿಗೆ ಹಾಕಿಕೊಂಡ. "ಹಿಂದಿನ ಸಲ ನೀನು ಇಷ್ಟು ದೊಡ್ಡೋಳಾಗಿದ್ದಿದ್ರೆ," ಅಂದ.

ಪಾಡ್ಯದ ದಿನ ಅಮ್ಮ ಪಾಯಸ ಮಾಡಿದಳು. ಅಪ್ಪ ಪಂಚೆ ಉಟ್ಟು, ದೀಪ ಹಚ್ಚಿ, ಲ್ಯಾಪ್‌ಟಾಪನ್ನು ದೇವರ ಮುಂದೆ ಮಣೆಯ ಮೇಲೆ ಇಟ್ಟ. ಒಂಬತ್ತೂ ಹತ್ತಕ್ಕೆ, ನಾವಿಬ್ಬರೂ ಹಿಂದೆ ನಿಂತಿರುವಾಗ, ಸೈನ್ ಮಾಡಿದ ಕಾಗದ ಕಳಿಸಿದ. ನಮ್ಮ ವಂಶದಲ್ಲಿ ಯಾವ ಸೈನೂ ಇಷ್ಟು ಶುದ್ಧವಾದ ಮುಹೂರ್ತದಲ್ಲಿ ಬಿದ್ದಿರಲಿಕ್ಕಿಲ್ಲ. ಊಟಕ್ಕೆ ಕೂತಾಗ ಉತ್ತರ ಬಂತು. ಎರಡು ಸಾಲು. ಕೊಟ್ಟ ಗಡುವು ಮುಗಿದಿದ್ದರಿಂದ ಬೇರೆಯವರನ್ನು ತೆಗೆದುಕೊಂಡಿದ್ದೇವೆ, ನಿಮ್ಮ ಮುಂದಿನ ಪ್ರಯತ್ನಗಳಿಗೆ ಶುಭವಾಗಲಿ.

ಅಪ್ಪ ಪಾಯಸ ಮುಗಿಸಿದ. ಬಟ್ಟಲಿಗೆ ಬೆರಳು ಹಾಕಿ ಕೊನೆಯ ಹನಿಯವರೆಗೆ. ಆಮೇಲೆ, "ಅವನಿಗೆ ಬೇರೆ ಏನೋ ಪ್ಲಾನ್ ಇದೆ," ಎಂದ. ನಾನು ತಟ್ಟೆ ತಳ್ಳಿ ಎದ್ದು ಹೋದೆ. ಅಮ್ಮ ಅವತ್ತು ಮಧ್ಯಾಹ್ನವೇ ನನ್ನ ಕಾಲೇಜಿನ ಆಫೀಸಿಗೆ ಹೋಗಿ, ಮಗಳು ಒಬ್ಬಳೇ ಉಳಿದು ಪರೀಕ್ಷೆ ಬರೆಯಲು ಸ್ಟೂಡೆಂಟ್ ಪಾಸ್ ಸಿಗಬೇಕಾದರೆ ಏನೇನು ಬೇಕು ಎಂದು ಕೇಳಿ ಬರೆದುಕೊಂಡು ಬಂದಳು. ದೇವರನ್ನು ಅವಳಷ್ಟು ನಂಬಿದವರನ್ನು ನಾನು ನೋಡಿಲ್ಲ. ಅವನಿಗಾಗಿ ಕಾಯುತ್ತ ಕೂತದ್ದನ್ನೂ ನೋಡಿಲ್ಲ.

ನಾಲ್ಕೇ ದಿನಕ್ಕೆ ಅವರಿಬ್ಬರೂ ಹೊರಟರು. ಏರ್‌ಪೋರ್ಟಿನಲ್ಲಿ ಅಪ್ಪ ತಿರುಗಿ ತಿರುಗಿ ಕೈಯಾಡಿಸುತ್ತ ಒಳಗೆ ಹೋದ ಮೇಲೆ ಶ್ರೀಧರ್ ಅಂಕಲ್ ನನ್ನ ಪಕ್ಕ ಬಂದು ನಿಂತರು. ಏನು ಹೇಳುತ್ತಾರೆ ಎಂದು ಗೊತ್ತಿತ್ತು, ಹೇಳದಿರಲಿ ಎಂದುಕೊಂಡೆ.

"ಎಲ್ಲದಕ್ಕೂ ಅವನ ಟೈಮ್ ಅಂತ ಇರತ್ತೆ, ಪುಟ್ಟಿ."

"ಅಂಕಲ್, ನಿಮಗೆ ಪಿಆರ್ ಬಂದಾಗ ಎಷ್ಟು ಗಂಟೆ ಆಗಿತ್ತು?"

ಅವರು ನನ್ನ ಸೂಟ್‌ಕೇಸಿನ ಹಿಡಿ ಎಳೆದುಕೊಂಡು, "ನಡಿ, ಆಂಟಿ ಊಟಕ್ಕೆ ಕಾಯ್ತಿದ್ದಾಳೆ," ಎಂದರು.

ಹೌದು, ಸ್ಟೂಡೆಂಟ್ ಪಾಸ್ ಸಿಕ್ಕಿ ಪರೀಕ್ಷೆ ಮುಗಿಯುವವರೆಗೆ ನಾನಿದ್ದದ್ದು ಅವರ ಮನೆಯಲ್ಲೇ. ಯಾವ ಹಾಲಿನಲ್ಲಿ ಅಪ್ಪನನ್ನು ಸೋಲಿಸಿದ್ದೆನೋ ಅದೇ ಹಾಲಿನ ಮೂಲೆಯಲ್ಲಿ ನನ್ನ ಓದುವ ಮೇಜು. ಅವರ ಹೆಂಡತಿ ವತ್ಸಲಾ ಆಂಟಿ ಬೆಳಿಗ್ಗೆ ಆರಕ್ಕೆ ಡಬ್ಬಿಗೆ ಚಿತ್ರಾನ್ನ ತುಂಬಿ ಬ್ಯಾಗಿಗೆ ಹಾಕುತ್ತಿದ್ದರು, ಒಂದು ದಿನವೂ ದೇವರ ಮಾತೆತ್ತಲಿಲ್ಲ. ಅಂಕಲ್ ಪರೀಕ್ಷೆಯ ದಿನಗಳಲ್ಲಿ ಆಫೀಸಿಗೆ ತಡವಾಗಿ ಹೋಗಿ ನನ್ನನ್ನು ಕಾಲೇಜಿನ ಗೇಟಿನವರೆಗೆ ಬಿಡುತ್ತಿದ್ದರು. ಇಂಥವರ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಎಷ್ಟು ಕಷ್ಟ ಎಂದರೆ ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತಿತ್ತು. ಒಮ್ಮೆ ಆಂಟಿಯ ಮುಂದೆ ಕಾರಿಕೊಂಡೆ. ಅವರು ಕೊತ್ತಂಬರಿ ಬಿಡಿಸುತ್ತ, "ಅವರಿಗೆ ಸಮಾಧಾನ ಹೇಳಕ್ಕೆ ಬೇರೆ ಏನೂ ಬರಲ್ಲ ಕಣೇ. ಅದಕ್ಕೇ ದೇವರನ್ನ ಮುಂದೆ ಬಿಡ್ತಾರೆ," ಎಂದರು. ಅಕ್ಟೋಬರ್ ಮುಗಿಯುವ ಹೊತ್ತಿಗೆ ಮಳೆ ಶುರುವಾಯಿತು. ಗಾಳಿ ತಿರುಗಿತು, ಹೊಗೆ ಹೋಯಿತು. ಅಂಕಲ್ ಬಾಲ್ಕನಿಯಲ್ಲಿ ನಿಂತು ಸರಿಯಾದ ಟೈಮಿಗೆ ಬಂತು ಎಂದರು. ನಾನು ಕಿವಿಗೆ ಇಯರ್‌ಫೋನ್ ಹಾಕಿಕೊಂಡೆ.

ಪರೀಕ್ಷೆ ಬರೆದೆ, ಇಲ್ಲೇ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು, ಓದು ಮುಗಿಯಿತು. ಅಪ್ಪ ಮೈಸೂರಿನಲ್ಲಿ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಾನೆ. ಎಲ್ಲ ಒಳ್ಳೆಯದಕ್ಕೇ ಆಯಿತು ಎನ್ನುತ್ತಾನೆ, ನೀನು ನಿನ್ನ ಕಾಲ ಮೇಲೆ ನಿಂತೆಯಲ್ಲ ಎನ್ನುತ್ತಾನೆ. ಇದನ್ನು ಕೇಳಿದಾಗ ನನಗೆ ಗೋಡೆಗೆ ಏನಾದರೂ ಎಸೆಯಬೇಕೆನಿಸುತ್ತದೆ. ಒಳ್ಳೆಯದಕ್ಕೆ ಆಗಲಿಲ್ಲ. ನನ್ನ ಹದಿನೆಂಟರಿಂದ ಇಪ್ಪತ್ತೆರಡರವರೆಗೆ ಅಪ್ಪ ಅಮ್ಮ ನನಗೆ ಫೋನಿನ ಪರದೆಯಲ್ಲಿ ಮಾತ್ರ ಇದ್ದರು. ಅದಕ್ಕೆ ಕಾರಣಗಳಿವೆ, ಬೆರಳು ಮಡಿಸಿ ಎಣಿಸಬಹುದಾದಷ್ಟು. ಒಂದು ಕಂಪನಿ, ಒಂದು ನಿಯಮ, ಅಪ್ಪನ ಸ್ವಾಭಿಮಾನ, ಮತ್ತೆ ಒಂದು ಶನಿವಾರ ಸಂಜೆ ಪುಳಿಯೋಗರೆ ತಟ್ಟೆ ಹಿಡಿದುಕೊಂಡು ನಾನು ಆಡಿದ ನಾಲ್ಕು ನಿಮಿಷದ ಮಾತು. ದೇವರ ಸಮಯ ಎಂದ ತಕ್ಷಣ ಇಷ್ಟೂ ಅಳಿಸಿಹೋಗುತ್ತದೆ. ನನ್ನ ಪಾಲೂ ಅಳಿಸುತ್ತದೆ. ಕ್ಷಮಿಸಿದ್ದೇನೆ ಎಂದು ಅಪ್ಪ ಒಂದು ದಿನವೂ ಹೇಳಿಲ್ಲ, ಯಾಕೆಂದರೆ ಅವನ ಲೆಕ್ಕದಲ್ಲಿ ನಾನು ತಪ್ಪೇ ಮಾಡಿಲ್ಲ. ಮಾಡಿದ್ದೆಲ್ಲ ಅವನು, ಮೇಲಿನವನು. ನನ್ನ ತಪ್ಪನ್ನು ನನ್ನ ಕೈಯಿಂದ ಕಿತ್ತುಕೊಳ್ಳುವ ಹಕ್ಕು ಯಾವ ದೇವರಿಗೂ ಇಲ್ಲ.

ಮೊನ್ನೆ ಶುಕ್ರವಾರ ಆ ಹೊಗೆಯಲ್ಲಿ ನಡೆದು ಆಫೀಸಿನ ಲಾಬಿಗೆ ಬಂದಾಗ ಹನ್ನೊಂದೂ ಇಪ್ಪತ್ತೈದು. ಫೋನ್ ಬಂತು. ಅಪ್ಪ.

"ಪುಟ್ಟಿ, ಸೈನ್ ಆಯ್ತಾ? ಇವತ್ತು ಶುಕ್ರವಾರ. ನಿಮ್ಮಲ್ಲಿ ಹನ್ನೊಂದೂವರೆಯಿಂದ ಒಂದು ಗಂಟೆವರೆಗೂ ಬೇಡ. ನೀನು ಬರಕೊಟ್ಟಿದ್ದ ಹಾಳೆ ನನ್ನ ಹತ್ರ ಇನ್ನೂ ಇದೆ, ಅದರ ಪ್ರಕಾರ ನೋಡ್ದೆ."

ಮೈಸೂರಿನಲ್ಲಿ ಕೂತು ಸಿಂಗಾಪುರದ ಸೂರ್ಯನನ್ನು ಲೆಕ್ಕ ಹಾಕುತ್ತಿದ್ದ. ನನ್ನ ಹತ್ತಿರ ಉತ್ತರ ಇತ್ತು. ಮೂರು ಅಂಶ, ಎರಡು ಉದಾಹರಣೆ, ಎದುರಾಳಿ ಏಳದ ಹಾಗೆ.

"ಹತ್ತಕ್ಕೇ ಮಾಡ್ಬಿಟ್ಟೆ ಅಪ್ಪಾ."

"ಹೌದಾ. ಒಳ್ಳೇದಾಯ್ತು ಬಿಡು." ಅವನ ಉಸಿರು ಸಡಿಲವಾದದ್ದು ಕೇಳಿಸಿತು. ಹಿಂದಿನಿಂದ ಅಮ್ಮನ ದನಿ, ತಿಂಡಿ ತಿಂದಳಂತಾ ಕೇಳಿ ಅಂತ.

ಫೋನ್ ಇಟ್ಟೆ. ಮೇಲಿನಿಂದ ಒಬ್ಬ ಹುಡುಗಿ ಬಂದು ಕಾಗದಗಳನ್ನು ಮುಂದಿಟ್ಟು, ಓದಿ ನೋಡಿ ಲಾ, ಅವಸರ ಇಲ್ಲ ಎಂದು ಇಲ್ಲಿಯವರ ಧಾಟಿಯಲ್ಲಿ ಹೇಳಿ ಹೋದಳು. ನಾಲ್ಕೇ ಪುಟ. ಐದು ನಿಮಿಷದಲ್ಲಿ ಓದಿ ಮುಗಿಯಿತು. ಪೆನ್ನು ತೆಗೆದು ಪಕ್ಕದಲ್ಲಿಟ್ಟುಕೊಂಡು, ಗಾಜಿನಾಚೆಯ ಹೊಗೆ ನೋಡುತ್ತ, ಅವತ್ತು ಅಪ್ಪ ಲಾಬಿಯಲ್ಲಿ ಕೂತಿದ್ದ ಹಾಗೆಯೇ ಕೂತೆ. ಹನ್ನೆರಡೂಕಾಲು ಆಗುವವರೆಗೆ ಕಾದೆ. ಆಮೇಲೆ ಸೈನ್ ಮಾಡಿದೆ.